ಬಣ್ಣ ಒಣಗುವ ಹೊತ್ತು

ಚಿತ್ರ ಬರೆಯಲು ಹೊಸದಾಗಿ ಕೈ ಹಾಕುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಯಾವ ಬಣ್ಣದಿಂದ ಶುರು ಮಾಡಲಿ? ಕೇಳುವಾಗಲೇ ಅವರ ಮನಸ್ಸಿನಲ್ಲಿ ಒಂದು ಏಣಿ ಇರುತ್ತದೆ. ಕೆಳಗಿನ ಮೆಟ್ಟಿಲು ವಾಟರ್ ಕಲರ್. ಮಕ್ಕಳೂ ಬಳಸ್ತಾರೆ, ಹಾಗಾಗಿ ಸುಲಭ ಇರಬೇಕು ಅಂತ. ಅದರ ಮೇಲೆ ಪೋಸ್ಟರ್ ಕಲರ್. ಸ್ವಲ್ಪ ಕೈ ಪಳಗಿದ ಮೇಲೆ ಅಕ್ರಿಲಿಕ್. ತುತ್ತತುದಿಯಲ್ಲಿ ಆಯಿಲ್ ಪೇಂಟ್. ಅದು ದೊಡ್ಡ ಕಲಾವಿದರದ್ದು, ನಾವೆಲ್ಲ ಈಗಲೇ ಮುಟ್ಟೋ ಹಾಗಿಲ್ಲ ಅನ್ನುವ ಅಂಜಿಕೆ.

ಈ ಏಣಿ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ವಾಟರ್ ಕಲರ್ ಹಿಡಿದು, ಕಾಗದವೆಲ್ಲ ಕೆಸರು ಕೆಸರಾಗಿ, ‘ನನಗೆ ಚಿತ್ರಕಲೆ ಒಲಿಯೋದಿಲ್ಲ’ ಅಂತ ಬ್ರಶ್ ಕೆಳಗಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಒಲಿಯದೇ ಹೋದದ್ದು ಆ ಒಂದು ಬಣ್ಣ ಅಷ್ಟೇ. ಅವರಲ್ಲಿ ಕೆಲವರಾದರೂ ಆಯಿಲ್ ಪೇಂಟ್ ಮುಂದೆ ಕೂತಿದ್ದರೆ ಇವತ್ತಿಗೂ ಬರೆಯುತ್ತಿರುತ್ತಿದ್ದರು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬಣ್ಣಗಳಲ್ಲಿ ಮೇಲಿನದು ಕೆಳಗಿನದು ಅಂತ ಇಲ್ಲ. ಇರುವ ವ್ಯತ್ಯಾಸ ಬೇರೆ. ಒಂದೊಂದು ಬಣ್ಣ ಒಂದೊಂದು ರೀತಿ ಒಣಗುತ್ತದೆ. ನಾವು ಎಷ್ಟು ಬೇಗ ತೀರ್ಮಾನ ಮಾಡಬೇಕು, ಮಾಡಿದ ತೀರ್ಮಾನ ಬದಲಿಸಬಹುದೋ ಇಲ್ಲವೋ, ಇವತ್ತಿನ ಕೆಲಸ ನಾಳೆ ಮುಂದುವರಿಸಬಹುದೋ ಇಲ್ಲವೋ ಎಲ್ಲವೂ ಆ ಒಣಗುವಿಕೆಯ ಮೇಲೆ ನಿಂತಿದೆ.

ಒಂದೇ ಪುಡಿ, ಬೇರೆ ಬೇರೆ ನೀಲಿ

ನನಗೆ ಇದು ಮನದಟ್ಟಾದದ್ದು ಒಂದು ಗಾಜಿನ ಹಲಗೆಯ ಮುಂದೆ. ಚಿತ್ರ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ಅಲ್ಟ್ರಾಮರೀನ್ ನೀಲಿಯ ಪುಡಿ ತಂದು ಹಲಗೆಯ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿದರು. ಒಂದಕ್ಕೆ ಅಂಟಿನ ನೀರು, ಒಂದಕ್ಕೆ ಮೊಟ್ಟೆಯ ಹಳದಿ, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಹಾಲಿನಂತೆ ಕಾಣುವ ಅಕ್ರಿಲಿಕ್ ದ್ರವ. ಅಡಿ ಚಪ್ಪಟೆ ಇರುವ ಗಾಜಿನ ಗುಂಡನ್ನು ನನ್ನ ಕೈಗೆ ಕೊಟ್ಟು ಅರೆ ಅಂದರು. ಎಣ್ಣೆಯ ಗುಡ್ಡೆ ಮೊದಲು ಮಾತೇ ಕೇಳಲಿಲ್ಲ. ಪುಡಿ ಒಣಒಣವಾಗಿ ಬದಿಗೆ ಸರಿಯುತ್ತಿತ್ತು, ಗಾಜಿನ ಕೆಳಗೆ ಕರಕರ ಸದ್ದು. ಇನ್ನಷ್ಟು ಎಣ್ಣೆ ಹಾಕೋಣ ಅಂದರೆ ಮೇಷ್ಟ್ರು ತಡೆದರು. ಅರೆಯುತ್ತಾ ಹೋದ ಹಾಗೆ ಸದ್ದು ಕಡಿಮೆಯಾಯಿತು, ಇದ್ದಕ್ಕಿದ್ದ ಹಾಗೆ ಪುಡಿಗೆ ಹೊಳಪು ಬಂತು. ಗುಂಡು ಎತ್ತಿದರೆ ಬಣ್ಣ ಎಳೆ ಎಳೆಯಾಗಿ ಮೇಲೆ ಬರುತ್ತಿತ್ತು. ಅಗಸೆ ಎಣ್ಣೆಯಲ್ಲಿ ಅರೆದ ಅಲ್ಟ್ರಾಮರೀನ್ ಹಾಗೆ ಎಳೆ ಎಳೆಯಾಗುವುದು ಅದರ ಸ್ವಭಾವ, ಎಲ್ಲ ಪುಡಿಗಳೂ ಹಾಗಲ್ಲ.

ನಾಲ್ಕನ್ನೂ ಒಂದೇ ರಟ್ಟಿನ ಮೇಲೆ ಸಾಲಾಗಿ ಬಳಿದೆವು. ಪಕ್ಕದಲ್ಲಿ ಒಣ ಪುಡಿಯ ಚಿಟಿಕೆ. ಪುಡಿಯ ನೀಲಿ ಕಣ್ಣಿಗೆ ಹೊಡೆಯುವಷ್ಟು ಝಗ್ ಅಂತಿತ್ತು. ಎಣ್ಣೆಯಲ್ಲಿದ್ದ ನೀಲಿ ಅದರ ಪಕ್ಕ ಹೆಚ್ಚುಕಡಿಮೆ ಕಪ್ಪು. ಅಂಟಿನ ನೀರಿನದು ಹಸಿಯಿದ್ದಾಗ ಗಾಢ, ಒಣಗಿದ ಮೇಲೆ ಮಸುಕು. ಅಕ್ರಿಲಿಕ್ಕಿನದು ತಿರುಗಾಮುರುಗಾ, ಹಸಿಯಿದ್ದಾಗ ತಿಳಿ, ಒಣಗಿದ ಮೇಲೆ ಗಾಢ. ‘ಪುಡಿ ಒಂದೇ ನೋಡು. ಬದಲಾಗಿರೋದು ಅದರ ಸುತ್ತ ಇರೋದು’ ಅಂದರು ಮೇಷ್ಟ್ರು.

ಅದರ ಹಿಂದಿನ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದಕ್ಕೆ ವಕ್ರೀಭವನ ಸೂಚ್ಯಂಕ ಅಂತ ಒಂದು ಅಳತೆ ಇದೆ. ಗಾಳಿಗೆ ಸುಮಾರು 1, ನೀರಿಗೆ 1.33, ಅಗಸೆ ಎಣ್ಣೆಗೆ 1.48ರ ಆಸುಪಾಸು. ಅಲ್ಟ್ರಾಮರೀನ್ ಪುಡಿಯದು 1.5ರ ಹತ್ತಿರ. ಕಣದ ಅಳತೆಗೂ ಸುತ್ತಲಿನದರ ಅಳತೆಗೂ ಅಂತರ ಜಾಸ್ತಿ ಇದ್ದರೆ ಬೆಳಕು ಚೆದುರಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ, ಬಣ್ಣ ತಿಳಿಯಾಗಿ ಕಾಣುತ್ತದೆ. ಅಂತರ ಕಡಿಮೆಯಿದ್ದರೆ ಬೆಳಕು ಒಳಕ್ಕೆ ಇಳಿದುಬಿಡುತ್ತದೆ, ಬಣ್ಣ ಆಳವಾಗಿ ಕಾಣುತ್ತದೆ. ಒಣ ಪುಡಿಯ ಸುತ್ತ ಗಾಳಿ. ಎಣ್ಣೆಯ ಬಣ್ಣದಲ್ಲಿ ಕಣದ ಸುತ್ತ ಸದಾ ಎಣ್ಣೆ. ವಾಟರ್ ಕಲರ್‌ನಲ್ಲಿ ನೀರು ಹೋದ ಜಾಗಕ್ಕೆ ಗಾಳಿ ಬಂದು ಕೂರುತ್ತದೆ, ಅದಕ್ಕೇ ಮಸುಕಾಗುತ್ತದೆ. ಸೀಮೆಸುಣ್ಣದ ಪುಡಿಯನ್ನು ಎಣ್ಣೆಗೆ ಹಾಕಿದರೆ ಬಿಳುಪೆಲ್ಲ ಮಾಯವಾಗಿ ಪಾರದರ್ಶಕ ಆಗುವುದಕ್ಕೂ ಇದೇ ಕಾರಣ. ಟೈಟೇನಿಯಂ ಬಿಳಿಯ ಅಳತೆ 2.5ಕ್ಕಿಂತ ಜಾಸ್ತಿ, ಹಾಗಾಗಿ ಅದನ್ನು ಯಾವುದರಲ್ಲಿ ಕಲಸಿದರೂ ಬೆಳ್ಳಗೇ ಇರುತ್ತದೆ.

ಫ್ರಾನ್ಸಿನ ಕಲಾವಿದ ಈವ್ ಕ್ಲೈನ್‌ಗೆ ಒಣ ಪುಡಿಯ ಆ ಝಗಮಗ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಪುಡಿಯನ್ನು ಮುಳುಗಿಸದೆ ಸುಮ್ನೆ ಹಿಡಿದಿಡುವ ಒಂದು ಸಿಂಥೆಟಿಕ್ ರಾಳವನ್ನು ಹುಡುಕಿ, ಅದರಲ್ಲಿ ಅಲ್ಟ್ರಾಮರೀನ್ ಕಲಸಿದರು. 1960ರಲ್ಲಿ ಆ ವಿಧಾನವನ್ನು ತಮ್ಮ ಹೆಸರಿನಲ್ಲಿ ದಾಖಲೂ ಮಾಡಿಸಿದರು. ಎಲ್ಲರಿಗೂ ಸಿಗುವ ನೀಲಿ ಪುಡಿಯೇ ಅದು. ಅವರು ಹೊಸದಾಗಿ ಕಂಡುಕೊಂಡದ್ದು ಅದರ ಸುತ್ತ ಏನಿರಬೇಕು ಅನ್ನುವುದನ್ನು.

ಒಣಗುವುದು ಅಂದರೆ ಏನು

ಎಲ್ಲ ಬಣ್ಣಗಳಿಗೂ ‘ಒಣಗಿತು’ ಅಂತಲೇ ಹೇಳುತ್ತೇವೆ. ಒಳಗೆ ನಡೆಯುವುದು ಮಾತ್ರ ಒಂದೇ ಅಲ್ಲ. ವಾಟರ್ ಕಲರ್‌ನಲ್ಲಿ, ಕೆಳಗಿನದನ್ನು ಮುಚ್ಚುವ ಅದರ ದಪ್ಪ ರೂಪವಾದ ಗ್ವಾಶ್‌ನಲ್ಲಿ ನೀರು ಆವಿಯಾಗುತ್ತದೆ, ಅಕೇಶಿಯಾ ಜಾತಿಯ ಮರದ ಅಂಟು ಪುಡಿಯನ್ನು ಕಾಗದಕ್ಕೆ ಹಿಡಿದಿಡುತ್ತದೆ. ಮತ್ತೆ ನೀರು ತಾಗಿದರೆ ಆ ಅಂಟು ಮತ್ತೆ ಕರಗುತ್ತದೆ. ಅಕ್ರಿಲಿಕ್‌ನಲ್ಲೂ ನೀರು ಆವಿಯಾಗುತ್ತದೆ. ಆದರೆ ನೀರು ಹೋದ ಮೇಲೆ ಅದರಲ್ಲಿ ತೇಲುತ್ತಿದ್ದ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದು, ಒಂದೇ ಪದರವಾಗುತ್ತವೆ. ಹಸಿಯಿದ್ದಾಗ ಹಾಲಿನ ಬಣ್ಣವಿದ್ದದ್ದು ಆಗ ಗಾಜಿನಷ್ಟು ಪಾರದರ್ಶಕವಾಗುತ್ತದೆ. ಬಣ್ಣ ಗಾಢವಾಗುವುದು ಅದರಿಂದ. ಆಮೇಲೆ ನೀವು ಎಷ್ಟು ನೀರು ಸುರಿದರೂ ಅದು ಕರಗುವುದಿಲ್ಲ.

ಆಯಿಲ್ ಪೇಂಟ್‌ನ ಕಥೆಯೇ ಬೇರೆ. ಅದರಲ್ಲಿ ಆವಿಯಾಗಲು ನೀರೇ ಇಲ್ಲ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಂದರೆ ‘ಒಣಗುವಾಗ’ ಅದರ ತೂಕ ಹೆಚ್ಚುತ್ತದೆ! ಇದನ್ನು ಮೊದಲು ಓದಿದಾಗ ನನಗೆ ಆದ ಖುಷಿ ಈಗಲೂ ನೆನಪಿದೆ. ಕೈಗೆ ಅಂಟದಷ್ಟು ಆಗಲು ಕೆಲವು ದಿನ, ದಪ್ಪ ಬಳಿದಿದ್ದರೆ ವಾರಗಳು. ಪುಡಿಯ ಮೇಲೂ ಹೊತ್ತು ಬದಲಾಗುತ್ತದೆ. ಅಂಬರ್ ಕಂದಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ, ಐವರಿ ಬ್ಲ್ಯಾಕ್ ತೀರಾ ನಿಧಾನ. ಗಸಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಅಗಸೆಯದಕ್ಕಿಂತ ಕಡಿಮೆ ಹಳದಿಯಾಗುತ್ತದೆ, ಆದರೆ ಇನ್ನೂ ತಡವಾಗಿ ಆರುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು ಅನ್ನುವ ಹಳೆಯ ನಿಯಮ ಇದರಿಂದಲೇ ಬಂದದ್ದು. ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಚಿತ್ರ ಬಿರುಕು ಬಿಡುತ್ತದೆ. ಆಯಿಲ್ ಮೇಲೆ ಅಕ್ರಿಲಿಕ್ ಬಳಿಯಬಾರದು, ಅಕ್ರಿಲಿಕ್ ಮೇಲೆ ಆಯಿಲ್ ಬಳಿಯಬಹುದು. ವಾರ್ನಿಶ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು ಅನ್ನುವುದು ಹಿಂದಿನಿಂದ ಬಂದ ಲೆಕ್ಕ.

ಕೆರೆದು ತೆಗೆದ ಮುಖ

ಹಿರಿಯ ಚಿತ್ರಕಾರರೊಬ್ಬರು ಆಯಿಲ್‌ನಲ್ಲಿ ಮುಖಚಿತ್ರ ಬರೆಯುವುದನ್ನು ಮಧ್ಯಾಹ್ನವಿಡೀ ಕೂತು ನೋಡಿದ್ದು ನೆನಪಾಗುತ್ತದೆ. ಎದುರಿಗೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಸಂಜೆಯ ಹೊತ್ತಿಗೆ ಮುಖ ಮೂಡಿತ್ತು. ನನ್ನ ಕಣ್ಣಿಗೆ ಅದು ಮುಗಿದ ಚಿತ್ರ. ಕೆನ್ನೆಯ ಮೇಲೆ ಬಿದ್ದ ಬೆಳಕು, ತುಟಿಯ ಅಂಚಿನ ಗೆರೆ ಎಲ್ಲ ಬಂದಿತ್ತು. ಅವರು ಎದ್ದು ಹಿಂದೆ ಹೋಗಿ ನಿಂತರು. ತುಂಬಾ ಹೊತ್ತು ನೋಡಿದರು. ಆಮೇಲೆ ಪ್ಯಾಲೆಟ್ ಚಾಕು ತಗೊಂಡು ಹಣೆಯಿಂದ ಗಲ್ಲದವರೆಗೆ ಇಡೀ ಮುಖ ಕೆರೆದುಬಿಟ್ಟರು. ಚಾಕುವಿನ ಅಂಚಿನಲ್ಲಿ ಗುಲಾಬಿ ಮತ್ತು ಹಸಿರುಗಂದು ಬಣ್ಣ ಸುರುಳಿಯಾಗಿ ನಿಂತಿತು. ಕೂತಿದ್ದ ಹೆಂಗಸು ‘ಅಯ್ಯೋ’ ಅಂದರು. ‘ಏನೂ ಆಗಿಲ್ಲಮ್ಮ, ಕಣ್ಣು ಒಂಚೂರು ಮೇಲಿತ್ತು’ ಅಂತ ಅವರು ಅಷ್ಟೇ ಶಾಂತವಾಗಿ ಹೇಳಿದರು.

ಉಳಿದ ಹಸಿ ಬಣ್ಣದ ಮೇಲೆ ಹಳೇ ಪೇಪರಿನ ಹಾಳೆ ಒತ್ತಿ, ಸವರಿ, ಎತ್ತಿದರು. ಮೇಲಿನ ಜಿಡ್ಡೆಲ್ಲ ಪೇಪರಿಗೆ ಬಂತು. ಕ್ಯಾನ್ವಾಸಿನ ಮೇಲೆ ಮುಖದ ತೆಳು ನೆರಳು ಮಾತ್ರ ಉಳಿಯಿತು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಹೆಸರಿನಿಂದ ಈ ಕೆಲಸಕ್ಕೆ ಟಾಂಕಿಂಗ್ ಅಂತಲೇ ಹೆಸರು ಬಂದಿದೆ ಅಂತ ಹೇಳಿದ್ದೂ ಅವರೇ. ಮರುದಿನ ಆ ನೆರಳಿನ ಮೇಲೆಯೇ ಮತ್ತೆ ಶುರು ಮಾಡಿದರು. ಮೊದಲ ದಿನದ ಕೆಲಸದಲ್ಲಿ ಸರಿಯಿದ್ದದ್ದೆಲ್ಲ ನೆರಳಿನಲ್ಲಿ ಉಳಿದೇ ಇತ್ತು.

ಆಯಿಲ್ ಪೇಂಟ್ ಅಂದರೆ ಹೆದರುವವರಿಗೆ ನಾನು ಈ ದೃಶ್ಯ ಹೇಳುತ್ತೇನೆ. ಇಷ್ಟು ಕ್ಷಮಿಸುವ ಬಣ್ಣ ಇನ್ನೊಂದಿಲ್ಲ. ತಪ್ಪಿದರೆ ಒರೆಸಿ. ನಾಳೆ ಬಂದರೂ ಹಸಿ ಇರುತ್ತದೆ. ಎರಡು ಬಣ್ಣಗಳ ಅಂಚನ್ನು ನಿಧಾನವಾಗಿ ಒಂದಕ್ಕೊಂದು ಬೆರೆಸುತ್ತಾ ಕೂರಬಹುದು. ಬಳಿದಾಗ ಕಂಡ ಬಣ್ಣವೇ ಒಣಗಿದ ಮೇಲೂ ಬಹುಪಾಲು ಹಾಗೇ ಇರುತ್ತದೆ. ಕಷ್ಟ ಇರುವುದು ಸುತ್ತಲಿನ ವ್ಯವಸ್ಥೆಯಲ್ಲಿ. ವಾಸನೆ, ಬ್ರಶ್ ತೊಳೆಯುವುದು, ಹಸಿ ಚಿತ್ರ ಇಡಲು ಜಾಗ. ಬರಿ ಬಟ್ಟೆಯ ಮೇಲೆ ನೇರವಾಗಿ ಬಳಿದರೆ ಎಣ್ಣೆ ಬಟ್ಟೆಯ ನೂಲನ್ನೇ ತಿನ್ನುತ್ತದೆ, ಹಾಗಾಗಿ ಮೊದಲು ಪ್ರೈಮರ್ ಅನ್ನುವ ಅಡಿಪದರ ಬೇಕು. ಹಿಂದೆ ಇನ್ನೂ ಕಷ್ಟವಿತ್ತು. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಆಯಿಲ್ ಪೇಂಟನ್ನು ಚೀಲದಲ್ಲಿ ಹಾಕಿಕೊಂಡು ಹೊರಗೆ ಹೋಗುವುದು ಸಲೀಸಾಯಿತು.

ವಾಟರ್ ಕಲರ್ ಸುಲಭ ಅನ್ನುವವರಿಗೆ

ಸುಲಭ ಇರುವುದು ಅದನ್ನು ಕೊಳ್ಳುವುದು ಮತ್ತು ತೊಳೆಯುವುದು. ಬರೆಯುವುದಲ್ಲ. ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಕಾಗದ. ಹಾಗಾಗಿ ಎಲ್ಲಿ ಬೆಳಕು ಇರಬೇಕು ಅನ್ನುವುದು ಬ್ರಶ್ ಒದ್ದೆ ಮಾಡುವ ಮೊದಲೇ ಗೊತ್ತಿರಬೇಕು. ಒಮ್ಮೆ ಮುಚ್ಚಿದ ಬೆಳಕು ಪೂರ್ತಿ ವಾಪಸ್ ಬರುವುದು ಕಷ್ಟ. ಅಲ್ಟ್ರಾಮರೀನ್ ಆದರೆ ಒದ್ದೆ ಬ್ರಶ್ಶಿನಿಂದ ಅಷ್ಟಿಷ್ಟು ಎತ್ತಬಹುದು. ಥ್ಯಾಲೋ ನೀಲಿ ಕಾಗದಕ್ಕೆ ಕಚ್ಚಿಕೊಂಡುಬಿಡುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಅರ್ಧ ಆರಿದ ವಾಶ್‌ಗೆ, ಅಂದರೆ ನೀರು ಬೆರೆಸಿ ತೆಳುವಾಗಿ ಬಳಿದ ಬಣ್ಣಕ್ಕೆ, ಒಂದು ಹನಿ ನೀರು ಜಾಸ್ತಿ ಬಿದ್ದರೂ ಬಣ್ಣ ಹಿಂದೆ ಸರಿದು ಹೂಕೋಸಿನ ಅಂಚಿನಂತಹ ಕಲೆ ನಿಲ್ಲುತ್ತದೆ. ಕಾಗದದ ಹೊಳಪು ನೋಡಿಯೇ ಅದು ಎಷ್ಟು ಆರಿದೆ ಅಂತ ಹೇಳಬೇಕು. ಪೂರಾ ಮಿನುಗು ಇದ್ದರೆ ಒಂದು ಕೆಲಸ, ಮಿನುಗು ಮಾಯವಾಗುವ ಗಳಿಗೆಯಲ್ಲಿ ಇನ್ನೊಂದು, ಪೂರ್ತಿ ಆರಿದ ಮೇಲೆ ಮತ್ತೊಂದು. ಈ ಹದ ಕಲಿಯಲು ವರ್ಷಗಳು ಹಿಡಿಯುತ್ತವೆ.

ಅದರ ಮೇಲೆ ಕಾಗದ ಬೇರೆ. ತೆಳು ಡ್ರಾಯಿಂಗ್ ಶೀಟ್ ನೀರು ತಾಗಿದ ಕೂಡಲೇ ಮುದುಡುತ್ತದೆ, ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. ಕಲಿಯುವವರು ಅದನ್ನು ತಮ್ಮ ಕೈಯ ದೋಷ ಅಂದುಕೊಳ್ಳುತ್ತಾರೆ. ಸಾಧಾರಣ ಬಣ್ಣವಿದ್ದರೂ ಪರವಾಗಿಲ್ಲ, 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದ ಒಂದು ಸಲ ಕೊಟ್ಟು ನೋಡಿ. ಕೈಯೇ ಬದಲಾದ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ ವಾಟರ್ ಕಲರ್‌ನಲ್ಲಿ ದುಡ್ಡು ಹಾಕಬೇಕಾದ ಮೊದಲ ಜಾಗ ಕಾಗದವೇ.

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ ಮೊಲದ ಚಿತ್ರವನ್ನು ಗಮನವಿಟ್ಟು ನೋಡಿದರೆ ಅದು ಬರೀ ಪಾರದರ್ಶಕ ಬಣ್ಣವಲ್ಲ ಅಂತ ತಿಳಿಯುತ್ತದೆ. ಮೊದಲು ಕಂದಿನ ತೆಳು ವಾಶ್. ಅದರ ಮೇಲೆ ಕೂದಲೆಳೆಗಳಿಗೆ ಕಾಗದವನ್ನು ಮುಚ್ಚುವಂಥ ಬಿಳಿ ಮತ್ತು ಗಾಢ ಬಣ್ಣ. ವಾಟರ್ ಕಲರ್ ಮತ್ತು ಗ್ವಾಶ್ ಎರಡೂ ಒಂದೇ ಮೊಲದ ಮೈಮೇಲಿವೆ. ಶುದ್ಧ ವಾಟರ್ ಕಲರ್‌ನಲ್ಲಿ ಬಿಳಿ ಬಣ್ಣ ಮುಟ್ಟಲೇಬಾರದು ಅಂತ ಹಟ ಹಿಡಿಯುವವರ ಮಾತು ನನಗೆ ಹಿಡಿಸದಿರುವುದು ಅದಕ್ಕೇ.

ಗ್ವಾಶ್ ಬಗ್ಗೆ ಜನ ಮಾತಾಡುವುದು ಕಡಿಮೆ. ಅದೇ ಅಂಟು, ಅದೇ ನೀರು. ಪುಡಿ ಮಾತ್ರ ಜಾಸ್ತಿ, ಕೆಲವೊಮ್ಮೆ ಸೀಮೆಸುಣ್ಣದ ಪುಡಿಯೂ ಸೇರಿರುತ್ತದೆ. ಹಾಗಾಗಿ ಅದು ಕೆಳಗಿನದನ್ನು ಮುಚ್ಚುತ್ತದೆ, ಒಣಗಿದ ಮೇಲೆ ಮಖಮಲ್ಲಿನ ಹಾಗೆ ಹೊಳಪಿಲ್ಲದೆ ಕೂರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಳಸಿರುವ ಪೋಸ್ಟರ್ ಕಲರ್ ಇದರ ಅಗ್ಗದ ತಮ್ಮ. ಒಂದೇ ತಕರಾರು, ಒಣಗುವಾಗ ತಿಳಿ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಗಾಢ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ನಿನ್ನೆ ಕಲಸಿದ ಬೂದು ಇವತ್ತು ಮತ್ತೆ ಸಿಗುವುದಿಲ್ಲ.

ಕಾಯಲು ಹೊತ್ತಿಲ್ಲದ ಬಣ್ಣಗಳು

ಎಣ್ಣೆ ಬರುವ ಮೊದಲು ಯುರೋಪಿನಲ್ಲಿ ಮೊಟ್ಟೆಯ ಹಳದಿಯದೇ ರಾಜ್ಯ. ಆ ಟೆಂಪೆರಾ ಬಣ್ಣ ಕ್ಷಣಗಳಲ್ಲಿ ಒಣಗುತ್ತದೆ. ಬೆರೆಸುತ್ತಾ ಕೂರಲು ಪುರುಸೊತ್ತೇ ಇಲ್ಲ. ಅದಕ್ಕೇ ಆ ಕಾಲದ ಚಿತ್ರಗಳಲ್ಲಿ ಮುಖದ ಉಬ್ಬುತಗ್ಗು ಕೂದಲಿನಷ್ಟು ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದು ಮಾಡಿದ್ದು. ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ ವೀನಸ್ಸಿನ ಜನನದ ಚಿತ್ರ ಕ್ಯಾನ್ವಾಸಿನ ಮೇಲಿನ ಟೆಂಪೆರಾ. ಅದರ ಗೆರೆಗಳ ಸ್ಪಷ್ಟತೆ ಬರೀ ಚಿತ್ರಕಾರನ ಇಷ್ಟ ಅಂದುಕೊಳ್ಳಬಾರದು, ಅದರಲ್ಲಿ ಬಣ್ಣದ ಪಾಲೂ ಇದೆ.

ಲಿಯೊನಾರ್ಡೊ ಡ ವಿಂಚಿಗೆ ಅಂಥ ಆತುರ ಆಗುತ್ತಿರಲಿಲ್ಲ. ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ಫ್ರೆಸ್ಕೊದಲ್ಲಿ ಗಾರೆ ಆರುವುದರೊಳಗೆ ಆ ದಿನದ ಭಾಗ ಮುಗಿಸಲೇಬೇಕು. ಮಿಲಾನಿನ ಗೋಡೆಯ ಮೇಲೆ 1490ರ ದಶಕದಲ್ಲಿ ‘ಕೊನೆಯ ಭೋಜನ’ ಬರೆಯುವಾಗ ಅವರು ಒಣ ಗೋಡೆಯ ಮೇಲೆ ತಮ್ಮದೇ ವಿಧಾನದಲ್ಲಿ ಬರೆದರು. ಬೇಕಾದಷ್ಟು ಹೊತ್ತು ಸಿಕ್ಕಿತು, ತಿದ್ದಲು ಅವಕಾಶ ಸಿಕ್ಕಿತು. ಬಣ್ಣ ಮಾತ್ರ ಗೋಡೆಗೆ ಗಟ್ಟಿಯಾಗಿ ಹಿಡಿಯಲಿಲ್ಲ. ಅವರು ಬದುಕಿದ್ದಾಗಲೇ ಉದುರಲು ಶುರುವಾಗಿತ್ತು.

ಅಕ್ರಿಲಿಕ್ ಈ ಸಾಲಿನಲ್ಲಿ ತೀರಾ ಹೊಸದು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಕಲಾವಿದರ ಕೈಗೆ ಬಂದದ್ದು 1950ರ ದಶಕದಲ್ಲಿ. ಅದನ್ನು ‘ಆಯಿಲ್ ಕೊಳ್ಳಲಾಗದವರ ಆಯಿಲ್’ ಅನ್ನುವ ಹಾಗೆ ನೋಡುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಆಯಿಲ್ ಥರ ಬೆರೆಸಲು ಹೋದರೆ ಅದು ಕೈ ಕೊಡುತ್ತದೆ, ಬ್ರಶ್ ಓಡುತ್ತಿರುವಾಗಲೇ ಗಟ್ಟಿಯಾಗುತ್ತದೆ. ಅದರ ಬಲ ಬೇರೆ ಕಡೆ ಇದೆ. ಒಂದು ಪದರ ನಿಮಿಷಗಳಲ್ಲಿ ಆರುತ್ತದೆ, ಮೇಲಿನ ಪದರ ಕೆಳಗಿನದನ್ನು ಕದಡುವುದಿಲ್ಲ. ಆಯಿಲ್‌ನಲ್ಲಿ ವಾರಗಟ್ಟಲೆ ಕಾಯಬೇಕಾದ ತೆಳು ಪದರಗಳನ್ನು ಒಂದೇ ಮಧ್ಯಾಹ್ನ ಒಂದರ ಮೇಲೊಂದು ಹಾಕಬಹುದು. ಅಂಚು ಚಾಕುವಿನಿಂದ ಕೊಯ್ದಷ್ಟು ನೇರ ಬರುತ್ತದೆ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ 1967ರಲ್ಲಿ ಬರೆದ ಈಜುಕೊಳದ ಚಿತ್ರ ಅಕ್ರಿಲಿಕ್. ಆ ಚಪ್ಪಟೆ ನೀಲಿ ಆಕಾಶ, ಗೆರೆ ಹೊಡೆದಂಥ ಕೊಳದ ಅಂಚು, ನಡುವೆ ಚಿಮ್ಮಿದ ಬಿಳಿ ನೀರು. ಆ ಸಪಾಟು ಬಣ್ಣವನ್ನು ನಾನು ಬೇರೆ ಯಾವುದರಲ್ಲೂ ಊಹಿಸಲಾರೆ. ಬ್ರಶ್ಶನ್ನು ಮಾತ್ರ ನೀರಿನಿಂದ ಹೊರಗೆ ಬಿಡಬೇಡಿ. ಒಣಗಿದರೆ ಆ ಬ್ರಶ್ ಹೋಯಿತು ಅಂತಲೇ ಲೆಕ್ಕ.

ಟ್ಯೂಬಿನ ಹಿಂಬದಿ

ಬಣ್ಣ ಕೊಳ್ಳುವಾಗ ಜನ ಟ್ಯೂಬಿನ ಮುಂದಿನ ಹೆಸರು ನೋಡುತ್ತಾರೆ. ನೋಡಬೇಕಾದ್ದು ಹಿಂಬದಿ. ಅಲ್ಲಿ ಪುಡಿಯ ಸಂಕೇತ ಇರುತ್ತದೆ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಡಬ್ಲ್ಯು 6 ಅಂದರೆ ಟೈಟೇನಿಯಂ ಬಿಳಿ, ಪಿವೈ 35 ಅಂದರೆ ಕ್ಯಾಡ್ಮಿಯಂ ಹಳದಿ. ಹೆಸರಿನ ಕೊನೆಗೆ ‘ಹ್ಯೂ’ ಅಂತ ಇದ್ದರೆ ಒಳಗಿರುವುದು ಆ ಪುಡಿಯಲ್ಲ, ಅದರಂತೆ ಕಾಣುವ ಬೇರೆ ಪುಡಿಗಳು. ಕೆಟ್ಟದ್ದು ಅಂತಲ್ಲ, ಆದರೆ ಬೇರೆಯವುಗಳ ಜೊತೆ ಕಲಸಿದಾಗ ಬೇರೆ ರೀತಿ ನಡೆದುಕೊಳ್ಳುತ್ತದೆ. ಬೆಳಕಿಗೆ ಎಷ್ಟು ತಾಳುತ್ತದೆ ಅನ್ನುವ ಗುರುತೂ ಅಲ್ಲೇ ಇರುತ್ತದೆ.

ಇದು ಸಣ್ಣ ವಿಷಯ ಅಲ್ಲ. ವ್ಯಾನ್ ಗೋ 1888ರಲ್ಲಿ ಬರೆದ ತಮ್ಮ ಮಲಗುವ ಕೋಣೆಯ ಗೋಡೆ ಮೊದಲು ನೇರಳೆ ಛಾಯೆಯದು. ಪತ್ರದಲ್ಲಿ ಅವರೇ ಹಾಗೆ ಬರೆದಿದ್ದಾರೆ. ಈಗ ನಾವು ನೋಡುವುದು ನೀಲಿ ಗೋಡೆ. ನೇರಳೆಯೊಳಗಿದ್ದ ಕೆಂಪು ಬೆಳಕಿಗೆ ಮಾಸಿಹೋಯಿತು, ನೀಲಿ ಉಳಿಯಿತು. ಆಯಿಲ್‌ನಲ್ಲಿ ಬರೆದದ್ದಕ್ಕೇ ಹೀಗಾಗುವುದಾದರೆ, ತೆಳುವಾಗಿ ಬಳಿಯುವ ವಾಟರ್ ಕಲರ್‌ಗೆ ಇನ್ನೂ ಹೆಚ್ಚು ಹುಷಾರು ಬೇಕು. ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪು ಎಷ್ಟೇ ಚೆಂದ ಇದ್ದರೂ ಬೆಳಕಿಗೆ ಮಾಸುತ್ತದೆ, ಹಾಗಾಗಿ ನಾನು ಈಗ ಅದರ ಬದಲು ಕ್ವಿನಾಕ್ರಿಡೋನ್ ಕೆಂಪು ಬಳಸುತ್ತೇನೆ. ಅನುಮಾನ ಇದ್ದ ಬಣ್ಣವನ್ನು ಕಾಗದದ ಪಟ್ಟಿಗೆ ಬಳಿದು, ಅರ್ಧ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಕೆಲವು ತಿಂಗಳು ಬಿಟ್ಟು ನೋಡುವುದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ.

ಹಾಗಾದರೆ ಯಾವುದು

ಈಗ ಯಾರಾದರೂ ಯಾವ ಬಣ್ಣ ಅಂತ ಕೇಳಿದರೆ ನಾನು ತಿರುಗಿ ಕೇಳುವುದು, ನಿಮಗೆ ಒಂದು ಸಲಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಮೊದಲೇ ಎಲ್ಲ ಯೋಚಿಸಿ ಕೂರುವವರೋ, ಬರೆಯುತ್ತಾ ಬರೆಯುತ್ತಾ ಯೋಚಿಸುವವರೋ? ಮೊದಲೇ ಯೋಚಿಸುವವರಿಗೆ ವಾಟರ್ ಕಲರ್ ಕೊಡುವ ಸುಖ ಬೇರೆ ಯಾವುದೂ ಕೊಡುವುದಿಲ್ಲ. ಬದಲಿಸುತ್ತಾ ಹೋಗುವವರಿಗೆ ಆಯಿಲ್. ಒಂದರ ಮೇಲೊಂದು ಕಟ್ಟುತ್ತಾ ಹೋಗುವವರಿಗೆ ಅಕ್ರಿಲಿಕ್. ಗೊತ್ತಿಲ್ಲ ಅನ್ನುವವರಿಗೆ ನನ್ನ ಸಲಹೆ ಒಂದೇ: ಅಲ್ಟ್ರಾಮರೀನ್, ಬರ್ನ್ಟ್ ಅಂಬರ್, ಬಿಳಿ ಇಷ್ಟನ್ನೇ ಎರಡು ಜಾತಿಯ ಬಣ್ಣದಲ್ಲಿ ತಗೊಳ್ಳಿ. ನೀಲಿ ಮತ್ತು ಕಂದು ಸೇರಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಸಿಗುತ್ತದೆ, ಬಿಳಿ ಸೇರಿಸಿದರೆ ತಂಪು, ಬೆಚ್ಚಗಿನ ಬೂದುಗಳೆಲ್ಲ ಬರುತ್ತವೆ. ಒಂದೇ ಲೋಟವನ್ನು ಎರಡರಲ್ಲೂ ಬರೆದು ನೋಡಿ.

ವಾಟರ್ ಕಲರ್ ಕೈಬಿಟ್ಟಿದ್ದ ಗೆಳತಿಯೊಬ್ಬಳಿಗೆ ಹೀಗೆ ಹೇಳಿದ್ದೆ. ಅವಳಿಗೆ ಸಿಗುವುದು ಮಗು ಮಲಗಿದ ಮೇಲಿನ ಅರ್ಧ ಗಂಟೆ ಮಾತ್ರ. ಅದೂ ಪೂರ್ತಿ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಅಂಥವರಿಗೆ ಬೇಗ ಒಣಗುವ ಬಣ್ಣ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅವಳು ಆರಿಸಿಕೊಂಡದ್ದು ಆಯಿಲ್. ನಡುವೆ ಎದ್ದು ಹೋಗಬೇಕಾಗಿ ಬಂದರೆ ಎದ್ದು ಹೋಗುತ್ತಾಳೆ, ಮರುದಿನ ಬಣ್ಣ ಹಸಿಯಾಗಿಯೇ ಇರುತ್ತದೆ, ಬಿಟ್ಟ ಜಾಗದಿಂದ ಹಿಡಿಯುತ್ತಾಳೆ. ಟರ್ಪೆಂಟೈನ್ ವಾಸನೆ ಮನೆಯಲ್ಲಿ ಬೇಡ ಅಂದಳು. ಅದರ ಅಗತ್ಯವೇ ಇಲ್ಲ, ಬ್ರಶ್ಶನ್ನು ಎಣ್ಣೆಯಲ್ಲೇ ಅದ್ದಿ ಒರೆಸಿ ಆಮೇಲೆ ಸೋಪು ಹಾಕಿ ತೊಳೆದರೆ ಸಾಕು ಅಂದೆ. ಆದರೆ ಒಂದು ಮಾತು ಒತ್ತಿ ಹೇಳಿದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬಾರದು. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಮನೆಯ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು.